ಶರೀಫಜ್ಜನ ನಂಬಿಕೆ ಎಲ್ಲಿಂದ ಬಂತು?



ಚನ್ನಗಿರಿಯಿಂದ ಬರುವವರಿರಲಿ, ಜಗಳೂರಿನವರಿರಲಿ, ನಮ್ಮ ಕಾಲೇಜಿನಲ್ಲಿ ಶಿಶುನಾಳ ಶರೀಫರ ಹಾಡು ಕೇಳದವರು ಸಿಗುವುದು ಕಷ್ಟ. ಸೋರುವ ಮಾಳಿಗೆಯ ಹಾಡು, ಕೋಳಿ ಕೋಡಗವನ್ನು ನುಂಗುವ ಹಾಡು ಎಲ್ಲರ ಬಾಯಲ್ಲೂ ಇವೆ. ಸಿ. ಅಶ್ವಥ್ ಹಾಡಿದ ಮೇಲೆ, 1990ರಲ್ಲಿ ನಾಗಾಭರಣರ ಸಿನಿಮಾ ಬಂದ ಮೇಲೆ ಶರೀಫರ ಹೆಸರು ಗೊತ್ತಿಲ್ಲದ ಮನೆಯಿಲ್ಲ. ಆದರೆ ಅವರ ಬದುಕನ್ನು ನಾನು ಓದತೊಡಗಿದ್ದು ಹಾಡಿಗಾಗಿ ಅಲ್ಲ. ಒಂದು ಪ್ರಶ್ನೆ ಬಹಳ ದಿನದಿಂದ ನನ್ನನ್ನು ಕಾಡುತ್ತಿತ್ತು. ನಾನು ನಮಾಜ್ ಕಲಿತದ್ದು ಹೊನ್ನಾಳಿಯ ನಮ್ಮ ಮನೆಯಲ್ಲಿ, ದಾದಿಯ ಪಕ್ಕ ನಿಂತು. ಅವರು ಬಾಗಿದಾಗ ಬಾಗಿದೆ, ಕೂತಾಗ ಕೂತೆ. ನಾನು ಬೇರೆ ಮನೆಯಲ್ಲಿ ಹುಟ್ಟಿದ್ದರೆ ಬೇರೆ ಅಜ್ಜಿಯ ಪಕ್ಕ ಕೂತು ಬೇರೆಯದನ್ನು ಕಲಿಯುತ್ತಿದ್ದೆನಲ್ಲವೇ? ಹಾಗಾದರೆ ಈ ನಂಬಿಕೆಯಲ್ಲಿ ನನ್ನದು ಎಷ್ಟು, ದಾದಿಯದು ಎಷ್ಟು?

ಮಹಮ್ಮದ್ ಶರೀಫರು ಹುಟ್ಟಿದ್ದು 1819ರ ಮಾರ್ಚ್ 7ರಂದು, ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ. ಪೇಶ್ವೆಯ ಆಳ್ವಿಕೆ ಮುಗಿದು ಧಾರವಾಡ ಸೀಮೆ ಇಂಗ್ಲಿಷರ ಕೈಗೆ ಹೋಗಿ ಆಗಿನ್ನೂ ವರ್ಷವಾಗಿತ್ತು. ಈಗ ಆ ಊರು ಹಾವೇರಿ ಜಿಲ್ಲೆಗೆ ಸೇರಿದೆ. 1997ರಲ್ಲಿ ನಮ್ಮ ದಾವಣಗೆರೆ ಜಿಲ್ಲೆಯ ಜೊತೆಗೇ ಆದ ಜಿಲ್ಲೆ ಅದು. ಹೊನ್ನಾಳಿಯಿಂದ ರಾಣೆಬೆನ್ನೂರು, ಹಾವೇರಿ ಹಾದು ಹೋದರೆ ಶಿಗ್ಗಾವಿ ಅಷ್ಟೇನೂ ದೂರವಲ್ಲ. ನಮ್ಮ ಕಡೆಯ ಮಾತಿಗೂ ಅವರ ಹಾಡಿನ ಮಾತಿಗೂ ಅದಕ್ಕೇ ನೆಂಟಸ್ತನ ಇದೆಯೇನೋ.

ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಬಹಳ ಕಾಲ ಮಕ್ಕಳಿಲ್ಲದೆ ಹುಲಗೂರಿನ ಖಾದರ್ ಶಾ ವಲಿಯವರಲ್ಲಿ ಬೇಡಿಕೊಂಡ ಮೇಲೆ ಈ ಮಗ ಹುಟ್ಟಿದನೆಂದು ಆ ಕಡೆಯವರು ಹೇಳುತ್ತಾರೆ. ಅಂದರೆ ಶರೀಫರು ಹುಟ್ಟುವ ಮೊದಲೇ ಅವರಿಗಾಗಿ ಯಾರೋ ನಂಬಿದ್ದರು. ಆ ಊರಿನಲ್ಲಿ ಬಸವಣ್ಣನ ಗುಡಿಯೂ ಇತ್ತು. ಮುಂದೆ ಶರೀಫರು ತಮ್ಮ ಹಾಡುಗಳಿಗೆ ಅಂಕಿತವಾಗಿ ಇಟ್ಟುಕೊಂಡದ್ದು ಶಿಶುನಾಳಧೀಶ ಎಂಬ ಆ ದೇವರ ಹೆಸರನ್ನೇ. ಹುಡುಗ ಕುರಾನ್ ಕಲಿತ, ಕನ್ನಡ ಶಾಲೆಯಲ್ಲಿ ರಾಮಾಯಣ, ಭಾರತದ ಕಥೆ ಓದಿದ, ಚಾಮರಸನ ಪ್ರಭುಲಿಂಗಲೀಲೆಯನ್ನು ಬಹಳ ಮೆಚ್ಚಿಕೊಂಡ. ಮುಲ್ಕಿ ಪರೀಕ್ಷೆ ಪಾಸು ಮಾಡಿ ಕೆಲವು ಕಾಲ ಶಾಲಾ ಮಾಸ್ತರರಾಗಿಯೂ ಇದ್ದರು. ಆ ಕೆಲಸದಲ್ಲಿ ಅವರ ಮನಸ್ಸು ನಿಲ್ಲಲಿಲ್ಲ.

ಅವರ ಬದುಕಿನ ದೊಡ್ಡ ತಿರುವು ಕಳಸದ ಗೋವಿಂದ ಭಟ್ಟರು. ಬ್ರಾಹ್ಮಣರು, ದೇವಿಯ ಉಪಾಸಕರು, ಆದರೆ ಮಡಿ ಮೈಲಿಗೆಯನ್ನು ಲೆಕ್ಕಕ್ಕಿಡದವರು. ಶಿಷ್ಯನಾಗಲು ಬಂದವನಿಗೆ ಭಟ್ಟರು ಮೊದಲು ಕೇಳಿದ್ದು ನಿನ್ನ ತಂದೆ ಯಾರು ಎಂದಂತೆ. ನಿಮಗೆ ಯಾರು ತಂದೆಯೋ ನನಗೂ ಅವನೇ ಎಂಬ ಅರ್ಥದ ಉತ್ತರ ಬಂತಂತೆ. ಎದುರಿಗಿದ್ದವರು ಇದನ್ನು ಉದ್ಧಟತನ ಎಂದುಕೊಂಡರೂ ಭಟ್ಟರು ನಕ್ಕು ಕರೆದುಕೊಂಡರು ಎನ್ನುವುದು ಕಥೆ. ಗುರು ತಮ್ಮ ಜನಿವಾರವನ್ನೇ ಶಿಷ್ಯನ ಕೊರಳಿಗೆ ಹಾಕಿದ ಕಥೆಯೂ ಉಂಟು. ಅಗ್ರಹಾರದವರಿಗೂ ಕೋಪ, ನಮ್ಮವರಿಗೂ ಕೋಪ. ಆ ಕಾಲದಲ್ಲಿ ಹಳ್ಳಿಯೊಂದರಲ್ಲಿ ಎರಡೂ ಕಡೆಯವರನ್ನು ಎದುರು ಹಾಕಿಕೊಂಡು ಬಾಳುವುದು ಹೇಗಿದ್ದೀತು, ಯೋಚಿಸಿ. ನೀರಿಗೆ, ಬೆಂಕಿಗೆ, ಸಾವಿಗೆ, ಮದುವೆಗೆ ಎಲ್ಲಕ್ಕೂ ಜನ ಬೇಕು.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಇದನ್ನು ಕೇವಲ ಹಿಂದೂ ಮುಸ್ಲಿಂ ಭಾಯಿ ಭಾಯಿ ಕಥೆಯಾಗಿ ವೇದಿಕೆಯ ಮೇಲೆ ಹೇಳುವುದು ನನಗೆ ಇಷ್ಟವಾಗುವುದಿಲ್ಲ. ಹಾಗೆ ಹೇಳಿದರೆ ಶರೀಫರು ಇಬ್ಬರನ್ನೂ ಖುಷಿಪಡಿಸಲು ಹೊರಟ ಒಳ್ಳೆಯ ಮನುಷ್ಯ ಎನಿಸುತ್ತದೆ, ಅಷ್ಟೇ. ಅವರು ಯಾರನ್ನೂ ಖುಷಿಪಡಿಸಲಿಲ್ಲ. ಅಪ್ಪನಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಹಿಡಿದುಕೊಳ್ಳಲಿಲ್ಲ, ಹಾಗೆಂದು ಅಪ್ಪನಿಂದ ಬಂದದ್ದನ್ನು ಬಿಸಾಡಲೂ ಇಲ್ಲ. ಮೊಹರಂಗೆ ರಿವಾಯತ್ ಪದ ಕಟ್ಟಿದವರೂ ಅವರೇ. ಕರ್ಬಲಾದ ದುಃಖವನ್ನು ಕನ್ನಡದಲ್ಲಿ, ಅಲಾವಿಯ ಸುತ್ತ ಹೆಜ್ಜೆ ಹಾಕುತ್ತಾ ಹಾಡುವಂತೆ ಮಾಡಿಕೊಟ್ಟರು. ನಮ್ಮ ಕಡೆಯ ಹಳ್ಳಿಗಳಲ್ಲೂ ಅಲಾಯಿ ಹಬ್ಬದಲ್ಲಿ ಹೆಜ್ಜೆ ಹಾಕುವವರು ನಮ್ಮವರಷ್ಟೇ ಅಲ್ಲವೆಂಬುದು ನ್ಯಾಮತಿಯವರಿಗೆ ನಾನು ಹೇಳಬೇಕಿಲ್ಲ.

ಈ ಪ್ರಶ್ನೆ ಶರೀಫರಿಗಿಂತ ಏಳೂವರೆ ನೂರು ವರ್ಷ ಮೊದಲು ಇನ್ನೊಬ್ಬರನ್ನು ಕಾಡಿತ್ತು. ಇಮಾಮ್ ಗಝ್ಝಾಲಿ, 1058ರಲ್ಲಿ ಇರಾನಿನ ತೂಸ್‌ನಲ್ಲಿ ಹುಟ್ಟಿದವರು. ಕ್ರೈಸ್ತರ ಮಕ್ಕಳು ಕ್ರೈಸ್ತರಾಗಿ, ಯಹೂದಿಗಳ ಮಕ್ಕಳು ಯಹೂದಿಗಳಾಗಿ, ಮುಸ್ಲಿಮರ ಮಕ್ಕಳು ಮುಸ್ಲಿಮರಾಗಿ ಬೆಳೆಯುವುದನ್ನು ಕಂಡು, ಕಲಿಸಿದ್ದನ್ನೆಲ್ಲ ತೆಗೆದಿಟ್ಟರೆ ಒಳಗೆ ಉಳಿಯುವುದೇನು ಎಂದು ಅವರು ಕೇಳಿಕೊಂಡರು. ಪ್ರತಿ ಮಗುವೂ ಫಿತ್ರತ್‌ನ ಮೇಲೆ ಹುಟ್ಟುತ್ತದೆ, ಉಳಿದದ್ದನ್ನು ತಂದೆತಾಯಿ ಸೇರಿಸುತ್ತಾರೆ ಎಂಬ ಹದೀಸ್ ಅವರ ಯೋಚನೆಗೆ ಕಾರಣ. ಬಾಗ್ದಾದಿನ ನಿಝಾಮಿಯಾ ಮದ್ರಸಾದಲ್ಲಿ ದೊಡ್ಡ ಹುದ್ದೆಯಲ್ಲಿದ್ದಾಗಲೇ 1095ರಲ್ಲಿ ಪಾಠ ಹೇಳಲು ನಾಲಿಗೆಯೇ ಏಳದಂತಾಯಿತು. ಎಲ್ಲವನ್ನೂ ಬಿಟ್ಟು ಡಮಾಸ್ಕಸ್, ಜೆರುಸಲೇಂ, ಮಕ್ಕಾ ಸುತ್ತಿದರು. ಕೊನೆಗೆ ಅವರು ಹೇಳಿದ್ದು, ಖಾತ್ರಿ ಬಂದದ್ದು ವಾದದಿಂದಲ್ಲ, ಅಲ್ಲಾಹನು ಎದೆಯಲ್ಲಿ ಹಾಕಿದ ಬೆಳಕಿನಿಂದ ಎಂದು. ಕುರಾನಿನಲ್ಲೂ ಬಾಪ್ ದಾದಾ ಮಾಡಿದ್ದನ್ನೇ ಮಾಡುತ್ತೇವೆ ಎನ್ನುವವರಿಗೆ ಮತ್ತೆ ಮತ್ತೆ ಪ್ರಶ್ನೆ ಬರುತ್ತದೆ. ಹಜರತ್ ಇಬ್ರಾಹಿಂ ನಕ್ಷತ್ರ, ಚಂದ್ರ, ಸೂರ್ಯ ಒಂದೊಂದಾಗಿ ಮುಳುಗುವುದನ್ನು ನೋಡಿ, ಮುಳುಗುವಂಥದ್ದು ತನ್ನ ಒಡೆಯನಲ್ಲ ಎಂದು ಕಂಡುಕೊಂಡದ್ದು ತಂದೆಯ ಜನರ ನಡುವೆ ನಿಂತೇ. ಪ್ರಶ್ನೆ ಕೇಳಿದರೆ ಈಮಾನ್ ಹೋಗುತ್ತದೆ ಎಂದು ಹೆದರಿಸುವವರು ಈ ಭಾಗವನ್ನು ಹೇಗೆ ಓದುತ್ತಾರೋ ನನಗೆ ತಿಳಿಯದು.

ಶರೀಫರಿಗೆ ಗಝ್ಝಾಲಿಯವರಂತೆ ದೊಡ್ಡ ಹುದ್ದೆ ಇರಲಿಲ್ಲ, ಬಿಡುವುದಕ್ಕೆ. ಅವರಿಂದ ಕಿತ್ತುಕೊಂಡದ್ದು ಬೇರೆ. ಫಾತಿಮಾ ಎಂಬುವರೊಡನೆ ಮದುವೆಯಾಯಿತು, ಒಂದು ಹೆಣ್ಣು ಮಗು ಹುಟ್ಟಿತು. ಮಗು ಉಳಿಯಲಿಲ್ಲ. ಹೆಂಡತಿಯೂ ಹೋದರು. ಮನೆ ಖಾಲಿಯಾಯಿತು. ಗುರುವೂ ತೀರಿಕೊಂಡರು. ಹಾಡುಗಳಲ್ಲಿ ಮನೆ ಏಕೆ ಅಷ್ಟು ಸಲ ಸೋರುತ್ತದೆ, ಬೀಳುತ್ತದೆ ಎಂದು ಪಾಠ ಓದುವಾಗ ನಮಗೆ ಹೊಳೆಯುವುದಿಲ್ಲ. ದೇಹವೇ ಮನೆ ಎಂಬ ಅರ್ಥವನ್ನು ಪರೀಕ್ಷೆಗೆ ಬರೆದುಬಿಡುತ್ತೇವೆ. ಅದು ತಪ್ಪಲ್ಲ. ಆದರೆ ಮನೆ ಎಂದರೆ ಮನೆಯೂ ಹೌದು.

ಆಮೇಲೆ ಅವರು ತಿರುಗಾಡಿದರು. ನವಲಗುಂದದ ನಾಗಲಿಂಗ ಸ್ವಾಮಿ, ಗರಗದ ಮಡಿವಾಳಪ್ಪ, ಹುಬ್ಬಳ್ಳಿಯ ಸಿದ್ಧಾರೂಢರು ಅದೇ ಕಾಲದವರು. ಶರೀಫರು ಹಾಡಿದ್ದನ್ನು ಅಚ್ಚು ಹಾಕಿಸಲಿಲ್ಲ. ಕೇಳಿದವರು ನೆನಪಿಟ್ಟುಕೊಂಡರು, ಭಜನೆಯ ಮೇಳದವರು ಹಾಡಿದರು, ಹಾಗೆ ನಮ್ಮವರೆಗೆ ಬಂತು. ಪಾಠಾಂತರಗಳು ಬೇಕಾದಷ್ಟಿವೆ. ಯಾವುದು ಅವರದು, ಯಾವುದು ಆಮೇಲೆ ಸೇರಿದ್ದು ಎಂದು ವಿದ್ವಾಂಸರು ಜಗಳವಾಡಲಿ.

ಇಷ್ಟು ಓದಿದ ಮೇಲೂ ನನ್ನ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿಲ್ಲ. ಒಂದು ಮಾತ್ರ ಬದಲಾಗಿದೆ. ದಾದಿ ಕಲಿಸಿದ್ದು ಎಂಬುದನ್ನು ನಾನು ಈಗ ಕೊರತೆಯಾಗಿ ನೋಡುವುದಿಲ್ಲ. ನಡೆಯುವುದನ್ನೂ ಮಾತಾಡುವುದನ್ನೂ ಯಾರೋ ಕಲಿಸಿಯೇ ಕಲಿತದ್ದು, ಎಲ್ಲಿಗೆ ನಡೆಯಬೇಕು ಎನ್ನುವುದು ನನಗೆ ಬಿಟ್ಟದ್ದು. ಶರೀಫರು ಹೋದ ದಾರಿಯಲ್ಲೆಲ್ಲ ನಾನು ಹೋಗಲಾರೆ, ಅವರು ಮಾಡಿದ್ದೆಲ್ಲವನ್ನೂ ನಮ್ಮ ಮನೆಯಲ್ಲಿ ಒಪ್ಪುವುದೂ ಇಲ್ಲ. ಅವರ ಹಾಡು ಅಕೀದೆಯ ಪುಸ್ತಕವಲ್ಲ. ಆದರೂ ರಾತ್ರಿ ದೀಪ ಆರಿಸಿದ ಮೇಲೆ ಅದನ್ನು ಮೆಲ್ಲಗೆ ಹಾಡಿಕೊಳ್ಳುತ್ತೇನೆ.

1889ರ ಮಾರ್ಚ್ 7, ಅವರು ಹುಟ್ಟಿದ ತಾರೀಖೇ. ಎಪ್ಪತ್ತು ವರ್ಷ ತುಂಬಿದ ದಿನ. ಕೊನೆಯ ಗಳಿಗೆಯಲ್ಲಿ ಶರಣರ ಪದ್ಧತಿಯಂತೆ ಜಂಗಮರೊಬ್ಬರ ಪಾದವನ್ನು ತಲೆಯ ಮೇಲೆ ಇಡಿಸಿಕೊಳ್ಳಬೇಕೆಂದು ಬಯಸಿದರಂತೆ. ಹಿರೇಮಠದ ಕರಿಬಸವಯ್ಯನವರು ಇಷ್ಟು ದೊಡ್ಡವರ ತಲೆಗೆ ಕಾಲು ತಾಗಿಸುವುದು ಹೇಗೆಂದು ಹಿಂಜರಿದರು, ಕೊನೆಗೆ ಒಪ್ಪಿದರು ಎನ್ನುತ್ತಾರೆ. ಪ್ರಾಣ ಹೋದ ಮೇಲೆ ಸಂಸ್ಕಾರ ಯಾರದು ಎಂಬ ಮಾತು ಎದ್ದಿತು. ಬದುಕಿದ್ದಾಗ ಬೇಡವಾಗಿದ್ದವರು ಈಗ ಇಬ್ಬರಿಗೂ ಬೇಕಾಗಿದ್ದರು. ಒಂದು ಕಡೆ ಕುರಾನ್ ಓದಿದರು, ಇನ್ನೊಂದು ಕಡೆ ಮಂತ್ರ ಹೇಳಿದರು, ಶಿಶುನಾಳದಲ್ಲೇ ಮಣ್ಣು ಮಾಡಿದರು. ಆ ಗದ್ದುಗೆಯ ಹತ್ತಿರ ಇವತ್ತಿಗೂ ಫಾತಿಹಾ ಓದುವವರೂ ಬರುತ್ತಾರೆ, ಕಾಯಿ ಒಡೆಸುವವರೂ ಬರುತ್ತಾರೆ.