ಬಡ ಬೀಗಗಾರನ ಮಗ, ವಿದ್ಯುತ್ತಿನ ಗುರು: ಜಾರ್ಜ್ ಸೈಮನ್ ಓಮ್

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ರೇಡಿಯೊ, ಟಿ.ವಿ. ದುರಸ್ತಿ ಅಂಗಡಿಗಳಲ್ಲಿ ಭತ್ತದ ಕಾಳಿನಷ್ಟು ಗಾತ್ರದ, ಬಣ್ಣದ ಪಟ್ಟಿಗಳುಳ್ಳ ಬಿಡಿಭಾಗವೊಂದು ಕಾಣಸಿಗುತ್ತದೆ. ಅದೇ ರೆಸಿಸ್ಟರ್ ಅಥವಾ ರೋಧಕ. ಅದರ ಬೆಲೆ ಅತ್ಯಲ್ಪ. ಆದರೆ ಅದರ ಅಳತೆಗೆ ತನ್ನ ಹೆಸರಿತ್ತ ಶಿಕ್ಷಕ ತೆತ್ತ ಬೆಲೆ ಅಲ್ಪವಲ್ಲ.

ಜಾರ್ಜ್ ಸೈಮನ್ ಓಮ್ ಜರ್ಮನಿಯ ಎರ್ಲಾಂಗೆನ್ ಪಟ್ಟಣದಲ್ಲಿ 1789ರ ಮಾರ್ಚ್ 16ರಂದು ಜನಿಸಿದರು. ತಂದೆ ಬೀಗ ಮಾಡುವ ಕುಶಲಕರ್ಮಿ. ಸ್ವಂತ ಪರಿಶ್ರಮದಿಂದ ಗಣಿತ ಕಲಿತು ಮಕ್ಕಳಿಗೂ ಕಲಿಸಿದವರು. ಓಮ್ ಬಾಲ್ಯದಲ್ಲೇ ತಾಯಿಯನ್ನು ಕಳೆದುಕೊಂಡರು. ವಿಶ್ವವಿದ್ಯಾಲಯ ಸೇರಿದ ಮಗ ನೃತ್ಯ, ಬಿಲಿಯರ್ಡ್ಸ್‌ಗಳಲ್ಲಿ ಕಾಲ ಕಳೆಯುವುದನ್ನು ಕಂಡು ಮುನಿದ ತಂದೆ ಅವರನ್ನು ಸ್ವಿಟ್ಜರ್ಲೆಂಡಿಗೆ ಕಳುಹಿಸಿದರು. ಅಲ್ಲಿ ಗಣಿತ ಬೋಧಿಸಿ, ಮರಳಿ ಬಂದು 1811ರಲ್ಲಿ ಡಾಕ್ಟರೇಟ್ ಪಡೆದರು. 1817ರಲ್ಲಿ ಕೊಲೋನ್ ನಗರದ ಶಾಲೆಯಲ್ಲಿ ಶಿಕ್ಷಕರಾದರು.

ಅಂದಿನ ಬ್ಯಾಟರಿಗಳ ವಿದ್ಯುತ್ ಸ್ಥಿರವಾಗಿರುತ್ತಿರಲಿಲ್ಲ. ಆದ್ದರಿಂದ ಓಮ್ ಎರಡು ಲೋಹಗಳ ಬೆಸುಗೆಯ ಒಂದು ತುದಿಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇರಿಸಿ ಸ್ಥಿರ ಪ್ರವಾಹ ಪಡೆದರು. ಬೇರೆ ಬೇರೆ ಉದ್ದದ ತಂತಿಗಳನ್ನು ಜೋಡಿಸಿ ಅಳೆದರು. ವಿಭವಾಂತರ ಹೆಚ್ಚಿದಂತೆ ಪ್ರವಾಹ ಹೆಚ್ಚುತ್ತದೆ, ರೋಧ ಹೆಚ್ಚಿದಂತೆ ಕುಗ್ಗುತ್ತದೆ ಎಂಬ ನಿಯಮವನ್ನು 1827ರ ತಮ್ಮ ಗ್ರಂಥದಲ್ಲಿ ವಿವರಿಸಿದರು.

ಸ್ವದೇಶದ ಅನೇಕ ವಿದ್ವಾಂಸರು ಅದನ್ನು ಮನ್ನಿಸಲಿಲ್ಲ. ನೊಂದ ಓಮ್ ಕೊಲೋನಿನ ಹುದ್ದೆ ತ್ಯಜಿಸಿದರು. 1833ರಲ್ಲಿ ನ್ಯೂರೆಂಬರ್ಗ್ ಪಾಲಿಟೆಕ್ನಿಕ್ ಸೇರುವವರೆಗೂ ಅವರಿಗೆ ನೆಲೆಯಾದ ಹುದ್ದೆ ದೊರೆಯಲಿಲ್ಲ. ಮನ್ನಣೆ ಬಂದದ್ದು ಪರದೇಶದಿಂದ: 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ನೀಡಿತು. ಅವರು ಬಯಸಿದ್ದ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪೀಠ ಮ್ಯೂನಿಕ್‌ನಲ್ಲಿ ಒಲಿದದ್ದು 1852ರಲ್ಲಿ. 1854ರ ಜುಲೈ 6ರಂದು ಅವರು ನಿಧನರಾದರು.

1881ರ ಪ್ಯಾರಿಸ್ ವಿದ್ಯುತ್ ಸಮ್ಮೇಳನವು ರೋಧದ ಏಕಮಾನಕ್ಕೆ ಓಮ್ ಎಂಬ ಹೆಸರನ್ನು ಅಂಗೀಕರಿಸಿತು.

ಅವರ ನಿಯಮವನ್ನು ಆಧರಿಸಿದ ರೋಧಕಗಳು ಇಂದು ಬಗೆಬಗೆಯಾಗಿವೆ. ಇಂಗಾಲದ ಪದರದ ಅಗ್ಗದ ರೋಧಕ ರೇಡಿಯೊದಲ್ಲಿ ಪ್ರವಾಹಕ್ಕೆ ಮಿತಿ ಹಾಕುತ್ತದೆ, ಎಲ್‌ಇಡಿ ಸುಟ್ಟುಹೋಗದಂತೆ ಕಾಯುತ್ತದೆ. ಲೋಹದ ಪದರದ್ದು ನಿಖರತೆ ಬೇಕಾದ ಅಳತೆಯ ಉಪಕರಣಗಳಿಗೆ ಸೂಕ್ತ. ಹಳೆಯ ಫ್ಯಾನ್ ರೆಗ್ಯುಲೇಟರಿನಲ್ಲಿದ್ದ ತಂತಿಸುರುಳಿಯ ರೋಧಕ ಹೆಚ್ಚು ಶಾಖವನ್ನು ತಾಳಬಲ್ಲದು. ರೇಡಿಯೊದ ಧ್ವನಿ ಏರಿಸಿ ಇಳಿಸುವ ಗುಂಡಿಯ ಹಿಂದಿರುವುದು ಬದಲಿಸಬಹುದಾದ ರೋಧಕ. ಥರ್ಮಿಸ್ಟರ್ ಡಿಜಿಟಲ್ ಜ್ವರಮಾಪಕದಲ್ಲಿದೆ. ಬೆಳಕನ್ನು ಗುರುತಿಸುವ ರೋಧಕ ಸಂಜೆಗೆ ದೀಪವನ್ನು ತಾನಾಗಿ ಹೊತ್ತಿಸುತ್ತದೆ.

ಒಮ್ಮೆ ವಿದ್ವಾಂಸರು ಕಡೆಗಣಿಸಿದ ಆ ನಿಯಮ ಇಂದು ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗಳ ವಿಜ್ಞಾನ ಪಠ್ಯದಲ್ಲಿದೆ.