ಸೋಪಿನ ಶಾಸ್ತ್ರಿಗಳೂ ನನ್ನ ಬಿಳಿ ಅಂಗಿಯೂ

ಸೊರಬದಿಂದ ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ ಹೋಗುವ ಬಸ್ಸಿನಲ್ಲಿ ವಾರಕ್ಕೆ ಮೂರು ದಿನ ನಾನಿರುತ್ತೇನೆ. ಬಿ.ಎಸ್ಸಿ. ಮುಗಿಸಿ ಎರಡು ವರ್ಷವಾಯಿತು. ಕೆಲಸ ಸಿಗುವವರೆಗೆ ಇರಲಿ ಎಂದು ಹಿಡಿದ ಎಸ್ಸೆಸ್ಸೆಲ್ಸಿ ಮಕ್ಕಳ ಟ್ಯೂಷನ್ನೇ ಈಗ ಕೆಲಸವಾಗಿದೆ. ಮೊನ್ನೆ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠ. ಆಮ್ಲಕ್ಕೆ ಪ್ರತ್ಯಾಮ್ಲ ಸೇರಿದರೆ ಲವಣ ಮತ್ತು ನೀರು, ನೀರಿನಲ್ಲಿ ಕರಗುವ ಪ್ರತ್ಯಾಮ್ಲವೇ ಕ್ಷಾರ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ, ಇದನ್ನೆಲ್ಲ ಓದಿ ನಿಮಗೇನು ಸಿಕ್ಕಿತು ಸರ್ ಎಂದು ಕೇಳಿದ. ತುಂಟತನಕ್ಕಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದ. ನನಗೆ ಉತ್ತರ ಹೊಳೆಯಲಿಲ್ಲ.

ಅಂದು ರಾತ್ರಿ ಸಂದರ್ಶನಕ್ಕೆಂದು ಎತ್ತಿಟ್ಟಿದ್ದ ಬಿಳಿ ಅಂಗಿಯ ಮೇಲೆ ಸಾರು ಚೆಲ್ಲಿಕೊಂಡೆ. ಸೋಪು ಹಚ್ಚಿದ ಕೂಡಲೇ ಹಳದಿ ಕಲೆ ಕೆಂಪಗಾಯಿತು. ಅಮ್ಮ ರಕ್ತವೆಂದು ಗಾಬರಿಯಾದಳು. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಗೆ ಕೆಂಪು ನೀರು ಮಾಡುವವಳು ಅವಳೇ! ಸುಣ್ಣದಂತೆ ಸೋಪಿನ ನೀರೂ ಕ್ಷಾರೀಯ ಎಂದು ವಿವರಿಸುವಾಗ ನನಗೆ ನೆನಪಾದವರು ಸೋಸಲೆ ಗರಳಪುರಿ ಶಾಸ್ತ್ರಿ. ಗರಳಪುರಿ ಎಂದರೆ ನಂಜನಗೂಡು. ಜನ ಅವರನ್ನು ಕರೆದದ್ದು ಮಾತ್ರ ‘ಸೋಪ್ ಶಾಸ್ತ್ರಿ’ ಎಂದು.

ಅವರ ಕಥೆ ಶುರುವಾಗುವುದು ಮಾರಾಟವಾಗದ ಮರದಿಂದ. ಮೈಸೂರು ಸಂಸ್ಥಾನದ ಶ್ರೀಗಂಧ ಹೆಚ್ಚಾಗಿ ಯೂರೋಪಿಗೆ ಹೋಗುತ್ತಿತ್ತು. 1914ರಲ್ಲಿ ಮಹಾಯುದ್ಧ ಬಂದು ರಫ್ತು ನಿಂತಿತು, ಗಂಧದ ರಾಶಿ ಬೆಳೆಯಿತು. ನಮ್ಮ ಸೊರಬ, ಸಾಗರದ ಗುಡಿಗಾರರು ಎಷ್ಟು ಕೆತ್ತಿದರೂ ಮುಗಿಯುವ ರಾಶಿಯಲ್ಲ ಅದು. ನಾಲ್ವಡಿ ಕೃಷ್ಣರಾಜ ಒಡೆಯರ್ ದೊರೆ, ವಿಶ್ವೇಶ್ವರಯ್ಯ ದಿವಾನರು. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಆಯಿತು. ಚೇಗಿನ ಚೂರುಗಳಿಗೆ ಹಬೆ ಹಾಯಿಸಿದರೆ ಎಣ್ಣೆ ಬರುತ್ತದೆ. ಆ ಎಣ್ಣೆಯಿಂದ ಸೋಪನ್ನೂ ಮಾಡಬಾರದೇಕೆ ಎಂಬ ಯೋಚನೆ ಬಂತು. ಮುಂಬೈಯಿಂದ ತಜ್ಞರನ್ನು ಕರೆಸಿ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಪ್ರಯೋಗ ನಡೆಸಿದರು. ರಸಾಯನಶಾಸ್ತ್ರ ಬಲ್ಲ ಶಾಸ್ತ್ರಿಗಳನ್ನು ಸೋಪಿನ ವಿದ್ಯೆ ಕಲಿತು ಬರಲು ಇಂಗ್ಲೆಂಡಿಗೆ ಕಳುಹಿಸಿದರು.

ಸೋಪಿಗೂ ವಿದ್ಯೆಯೇ ಎನ್ನಬೇಡಿ. ಗಂಧದೆಣ್ಣೆಯಿಂದಲೇ ಸೋಪು ಆಗುತ್ತದೆ ಎಂದು ನಾನೂ ಬಹಳ ದಿನ ತಿಳಿದಿದ್ದೆ. ಅದು ಆಗುವುದಿಲ್ಲ. ಕೊಬ್ಬರಿ ಎಣ್ಣೆಯಂಥ ಎಣ್ಣೆಗಳಲ್ಲಿ ಕೊಬ್ಬಿನ ಆಮ್ಲಗಳು ಗ್ಲಿಸರಿನ್ ಜೊತೆ ಕಟ್ಟಿಕೊಂಡಿರುತ್ತವೆ. ಕಾಸ್ಟಿಕ್ ಸೋಡಾ ಎಂಬ ಪ್ರಬಲ ಕ್ಷಾರ ಹಾಕಿ ಕುದಿಸಿದರೆ ಆ ಕಟ್ಟು ಬಿಚ್ಚಿ, ಗ್ಲಿಸರಿನ್ ಬೇರೆಯಾಗಿ, ಆಮ್ಲ ಸೋಡಿಯಂ ಲವಣವಾಗುತ್ತದೆ. ಆ ಲವಣವೇ ಸೋಪು. ಅಡುಗೆ ಉಪ್ಪು ಹಾಕಿದರೆ ಅದು ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಕ್ಷಾರ ಹೆಚ್ಚಾದರೆ ಚರ್ಮ ಉರಿ, ಕಡಿಮೆಯಾದರೆ ಜಿಡ್ಡು. ಗಂಧದೆಣ್ಣೆಯಲ್ಲಿ ಇರುವುದು ಮುಖ್ಯವಾಗಿ ಸ್ಯಾಂಟಲಾಲ್ ಎಂಬ ಆಲ್ಕೊಹಾಲ್‌ಗಳು, ಅದು ಪರಿಮಳಕ್ಕೆ ಮಾತ್ರ. ಪ್ರಯೋಗಾಲಯದಲ್ಲಿ ನಾವು ಬ್ಯುರೆಟ್ ಹಿಡಿದು ಹನಿ ಹನಿ ಎಣಿಸುತ್ತಿದ್ದುದು ಈ ಲೆಕ್ಕಕ್ಕೇ ಎಂದು ಆಗ ಯಾರೂ ನಮಗೆ ಹೇಳಿರಲಿಲ್ಲ.

ಶಾಸ್ತ್ರಿಗಳು ವಿದ್ಯೆ ಕಲಿತು ಹಿಂತಿರುಗಿದರು. ಕಬ್ಬನ್ ಪಾರ್ಕ್ ಬಳಿಯ ಸರ್ಕಾರಿ ಕಾರ್ಖಾನೆಯಲ್ಲಿ ಸೋಪು ತಯಾರಾಗಿ, 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಮಾರುಕಟ್ಟೆಗೆ ಬಂತು. ಮೊಟ್ಟೆಯಾಕಾರ, ಒಡವೆಯ ಡಬ್ಬಿಯಂಥ ಪೆಟ್ಟಿಗೆ, ಆನೆಯ ತಲೆ ಸಿಂಹದ ಮೈಯ ಶರಭದ ಗುರುತು ಅದಕ್ಕೆ ಬಂದವು. 1944ರಲ್ಲಿ ನಮ್ಮ ಶಿವಮೊಗ್ಗದಲ್ಲೂ ಗಂಧದೆಣ್ಣೆ ಕಾರ್ಖಾನೆ ಆಯಿತು. ಶಾಸ್ತ್ರಿಗಳ ಹೆಸರು ಮಾತ್ರ ಸೋಪಿನ ಪೆಟ್ಟಿಗೆಯ ಮೇಲಿಲ್ಲ.

ಮುಂದಿನ ತರಗತಿಗೆ ಅರಿಶಿನ ಬಳಿದ ಕಾಗದ, ಒಂದು ಸೋಪು, ನಿಂಬೆಹಣ್ಣು ಒಯ್ದೆ. ಆ ಹುಡುಗನನ್ನೇ ಮುಂದೆ ಕರೆದೆ. ಒದ್ದೆ ಸೋಪು ತಾಗಿಸಿದ, ಕೆಂಪಾಯಿತು. ನಿಂಬೆ ಹಿಂಡಿದ, ಮತ್ತೆ ಹಳದಿ. ಕಾಗದ ಹರಿಯುವವರೆಗೂ ಬಿಡಲಿಲ್ಲ. ಅವನ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ, ಸಂದರ್ಶನದ ಫಲಿತಾಂಶವೂ ಬಂದಿಲ್ಲ. ಬಸ್ಸಿಗೆ ಹೊತ್ತಾಗಿ ಓಡುವಾಗ ಅವನು ಹಿಂದೆಯೇ ಬಂದು, ಸೋಸಲೆ ಎಲ್ಲಿದೆ ಸರ್ ಎಂದು ಕೇಳಿದ. ತಿ. ನರಸೀಪುರದ ಹತ್ತಿರ ಎಂದೆ.