ಉಗಿಯಂತ್ರವನ್ನು ಕಟ್ಟಿದ ಥಾಮಸ್ ನ್ಯೂಕಾಮನನ ಚರಿತ್ರೆ

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಗಳಲ್ಲಿ ಒಕ್ಕಲುತನ ಮಾಡುವವರಿಗೆ ಆಳವಾದ ಬಾವಿಯಿಂದ ನೀರೆತ್ತುವ ಕಷ್ಟವು ತಿಳಿಯದ ಸಂಗತಿಯಲ್ಲ. ಪೂರ್ವದಲ್ಲಿ ಎತ್ತುಗಳು ದಿನವೆಲ್ಲಾ ಹಗ್ಗವೆಳೆದು ದಣಿಯುತ್ತಿದ್ದವು. ಇಂಥ ಕಷ್ಟವನ್ನು ನೀಗಿಸುವದಕ್ಕಾಗಿಯೇ ಮೊದಲಿನ ಉಗಿಯಂತ್ರಗಳು ಹುಟ್ಟಿದವು.

ಥಾಮಸ್ ನ್ಯೂಕಾಮನನು 1664ರಲ್ಲಿ ಇಂಗ್ಲೆಂಡ್ ದೇಶದ ಡಾರ್ಟ್‌ಮತ್ ಎಂಬ ರೇವುಪಟ್ಟಣದಲ್ಲಿ ಹುಟ್ಟಿದನು. ಕಬ್ಬಿಣದ ಸಾಮಾನುಗಳ ವ್ಯಾಪಾರವು ಅವನ ಕಸುಬು. ಅವನು ಬ್ಯಾಪ್ಟಿಸ್ಟ್ ಸಭೆಗೆ ಸೇರಿದವನಾಗಿದ್ದು, ಅದರಲ್ಲಿ ಬೋಧಿಸುತ್ತಲೂ ಇದ್ದನು. ಆ ಕಾಲದಲ್ಲಿ ರಾಜ್ಯದ ಸಭೆಗೆ ಒಳಪಡದವರಿಗೆ ಆಕ್ಸ್‌ಫರ್ಡ್, ಕೇಂಬ್ರಿಜ್ ವಿದ್ಯಾಪೀಠಗಳ ಪದವಿಯು ದೊರೆಯುತ್ತಿದ್ದಿಲ್ಲ.

ಆ ಸೀಮೆಯಲ್ಲಿ ತವರದ ಗಣಿಗಳಿದ್ದವು. ಆಳಕ್ಕೆ ಅಗೆದಷ್ಟೂ ನೀರು ತುಂಬಿ ಕೆಲಸವು ನಿಲ್ಲುತ್ತಿತ್ತು. ಕುದುರೆಗಳಿಂದ ನೀರೆತ್ತಿಸುವದಕ್ಕೆ ಬಹಳ ಹಣ ಬೇಕಾಗುತ್ತಿತ್ತು. 1698ರಲ್ಲಿ ಥಾಮಸ್ ಸೇವರಿ ಎಂಬವನು ಬೆಂಕಿಯ ಬಲದಿಂದ ನೀರೆತ್ತುವ ಉಪಾಯಕ್ಕೆ ರಾಜನಿಂದ ಹಕ್ಕುಪತ್ರವನ್ನು ಹೊಂದಿದನು. ಆದರೆ ಆಳವಾದ ಗಣಿಗೆ ಅವನ ಯಂತ್ರವು ಸಾಲದೆ ಹೋಯಿತು.

ನ್ಯೂಕಾಮನನು ಜಾನ್ ಕಾಲಿ ಎಂಬ ಜೊತೆಗಾರನೊಡನೆ ಅನೇಕ ವರುಷ ಪ್ರಯಾಸಪಟ್ಟು ಬೇರೊಂದು ಯಂತ್ರವನ್ನು ಕಟ್ಟಿದನು. ಅದರ ಕ್ರಮವೇನಂದರೆ, ನಿಂತಿರುವ ದೊಡ್ಡ ಕೊಳವೆಯೊಳಗೆ ಬಿರಡೆಯಂತೆ ಹೊಂದುವ ಪಿಸ್ಟನ್ ಇರುವದು. ಕೊಳವೆಯಲ್ಲಿ ಉಗಿ ತುಂಬಿದ ಮೇಲೆ ತಣ್ಣೀರನ್ನು ಚಿಮ್ಮಿಸಿದರೆ ಉಗಿಯು ನೀರಾಗಿ ಒಳಗೆ ಬರಿದಾಗುವದು. ಆಗ ಹೊರಗಿನ ಗಾಳಿಯ ಭಾರವು ಪಿಸ್ಟನನ್ನು ಕೆಳಕ್ಕೆ ಒತ್ತುವದು. ಮೇಲಿನ ತೊಲೆಯು ನಮ್ಮ ಏತದ ಮರದಂತೆ ತೂಗಿ, ಅದರ ಮತ್ತೊಂದು ತುದಿಯು ಮೇಲೆದ್ದು ಗಣಿಯ ನೀರನ್ನು ಎತ್ತುವದು.

1712ರಲ್ಲಿ ಡಡ್ಲಿ ಕೋಟೆಯ ಹತ್ತಿರ, ಕಲ್ಲಿದ್ದಲ ಗಣಿಯೊಂದರಲ್ಲಿ ಇಂಥ ಯಂತ್ರವು ನಿಂತಿತು. ಅದು ನಿಮಿಷಕ್ಕೆ 12 ಸಾರಿ ತೂಗಿ, ಸಾರಿಗೆ ಸುಮಾರು 10 ಗ್ಯಾಲನ್ ನೀರನ್ನು 150 ಅಡಿಗಳಿಗಿಂತ ಆಳದಿಂದ ಎತ್ತಿತು.

ಆದರೂ ನ್ಯೂಕಾಮನನಿಗೆ ತನ್ನ ಹೆಸರಿನಲ್ಲಿ ಹಕ್ಕುಪತ್ರವು ದೊರೆಯಲಿಲ್ಲ. ಯಾಕಂದರೆ ಬೆಂಕಿಯಿಂದ ನೀರೆತ್ತುವ ಎಲ್ಲಾ ವಿಧಾನಗಳಿಗೂ ಸೇವರಿಯ ಪತ್ರವೇ 1733ರ ವರೆಗೆ ಸಲ್ಲುವದೆಂದು ಕಾಯಿದೆಯಾಗಿತ್ತು. ಆದದರಿಂದ ಅವನು ಮತ್ತೊಬ್ಬನ ಪತ್ರದ ನೆರಳಿನಲ್ಲಿಯೇ ಕೆಲಸ ನಡಿಸಬೇಕಾಯಿತು. ಆ ಅವಧಿಯು ತೀರುವದಕ್ಕೆ ಮುಂಚೆ, 1729ರಲ್ಲಿ, ಅವನು ಲಂಡನ್ ಪಟ್ಟಣದಲ್ಲಿ ತೀರಿಕೊಂಡನು. ಯಾತ್ರಿಕನ ಕಥೆಯನ್ನು ಬರೆದ ಜಾನ್ ಬನ್ಯನನ ಸಮಾಧಿ ಇರುವ ಬನ್‌ಹಿಲ್ ಫೀಲ್ಡ್ಸ್ ಎಂಬ ಸ್ಮಶಾನದಲ್ಲಿಯೇ ಇವನನ್ನೂ ಹೂಣಿಟ್ಟರು; ಆದರೆ ಇವನ ಸಮಾಧಿಯ ಸ್ಥಳವು ಇಂದು ಯಾರಿಗೂ ಗೊತ್ತಿಲ್ಲ.

ಅವನ ಕೆಲಸವಾದರೋ ನಿಲ್ಲಲಿಲ್ಲ. 1763ರ ಚಳಿಗಾಲದಲ್ಲಿ ಜೇಮ್ಸ್ ವಾಟನು ಗ್ಲಾಸ್ಗೋ ವಿದ್ಯಾಪೀಠದಲ್ಲಿ ನ್ಯೂಕಾಮನನ ಯಂತ್ರದ ಚಿಕ್ಕ ಮಾದರಿಯನ್ನು ದುರಸ್ತಿ ಮಾಡುತ್ತಿರುವಾಗ, ಉಗಿಯು ಎಷ್ಟು ವ್ಯರ್ಥವಾಗುತ್ತದೆಂದು ಕಂಡು, ಅದನ್ನು ಉಳಿಸುವ ಉಪಾಯವನ್ನು ಹುಡುಕಿದನು. ಆ ಬಳಿಕ ಉಗಿಯು ಗಾಲಿಗಳನ್ನು ತಿರುಗಿಸುವದಕ್ಕೆ ಕಲಿತು, ಕಾಲಾನುಕ್ರಮದಲ್ಲಿ ಧಾರವಾಡ ಹುಬ್ಬಳ್ಳಿಗಳಿಗೂ ಹೊಗೆಬಂಡಿಯಾಗಿ ಬಂತು. ಹಿಂದೆ ಆ ಬಂಡಿಯನ್ನು ಹತ್ತಿದ ನಮ್ಮ ಹಿರಿಯರಲ್ಲಿ ಎಷ್ಟು ಮಂದಿ ಆ ಕಬ್ಬಿಣದ ವ್ಯಾಪಾರಿಯ ಹೆಸರನ್ನು ಕೇಳಿದ್ದರು?